ಮಣ್ಣು ತಳ್ಳುವ ಲೆಕ್ಕ
ಬೆಳಿಗ್ಗೆಯಿಂದ ಇಳಿಜಾರು ಸೈಟಿನ ಬೇಸ್‌ಮೆಂಟ್ ಲೆಕ್ಕದಲ್ಲೇ ಇದ್ದೀನಿ. ಒಂದು ಪಕ್ಕ 3 ಮೀಟರ್ ಮಣ್ಣು, ಎದುರು ಪಕ್ಕ ಬಯಲು. ಒಂಟಿ ತಡೆಗೋಡೆಯಾದರೆ ಚೂರು ಮುಂದೆ ವಾಲುತ್ತೆ. ಹಿಂದೆ ಗಟ್ಟಿಯಾಗಿ ಕೂತ ಮರಳಿದ್ದರೆ ಎತ್ತರದ ಸಾವಿರದಲ್ಲೊಂದು ಪಾಲು, ಅಂದರೆ ಸುಮಾರು 3 ಮಿಲಿಮೀಟರ್ ಜರುಗಿದರೂ ಸಾಕು, ಒತ್ತಡ ಇಳಿಯುತ್ತೆ. ಆದರೆ ಸ್ಲ್ಯಾಬು, ಬೀಮು, ಕಾಲಮ್ಮು ಬಿಗಿಯಾಗಿ ಹಿಡಿದಿಟ್ಟ ಗೋಡೆಗೆ ಆ ಅವಕಾಶ ಇಲ್ಲ. ಮರಳಿನ ಘರ್ಷಣ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ಎಷ್ಟು ತಡೆಯುತ್ತವೆ ಅನ್ನೋದರ ಅಳತೆ) 30 ಡಿಗ್ರಿ ಇದ್ದರೆ, ಮಣ್ಣಿನ ಭಾರದಲ್ಲಿ ಎಷ್ಟು ಪಾಲು ಪಕ್ಕಕ್ಕೆ ಒತ್ತುತ್ತೆ ಅಂತ ಹೇಳುವ ಗುಣಾಂಕ ವಾಲುವ ಗೋಡೆಯ ಹಾಗೆ 0.33 ಅಲ್ಲ, 0.5. ಒಂದೂವರೆ ಪಟ್ಟು! ಆ ಒತ್ತಡ ಬೀಮು-ಕಾಲಮ್ಮಿನ ಫ್ರೇಮಿಗೆ ಹೋಗಿ ಇಡೀ ಕಟ್ಟಡವನ್ನೇ ಬಯಲಿನ ಕಡೆ ತಳ್ಳುತ್ತೆ. ಒತ್ತಡ ಗೊತ್ತಾದರೆ ಜರುಗುವಿಕೆ ಗೊತ್ತಾಗುತ್ತೆ, ಆದರೆ ಜರುಗಿದಷ್ಟೂ ಒತ್ತಡ ಬದಲಾಗುತ್ತೆ. ಎರಡೂ ಹೊಂದೋವರೆಗೆ ತಿದ್ದುತ್ತಾ ಹೋಗೋದು ನನಗೆ ತುಂಬಾ ಇಷ್ಟದ ಕೆಲಸ. ಮಳೆನೀರು ಹಿಂದೆ ನಿಂತರೆ ಮಾತ್ರ ಈ ಲೆಕ್ಕ ನಿಲ್ಲಲ್ಲ. ಅದಕ್ಕೇ ನೀರು ಹರಿದುಹೋಗೋಕೆ ಜಲ್ಲಿ, ತೂತಿನ ಪೈಪು ಎರಡನ್ನೂ ಡ್ರಾಯಿಂಗಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೀನಿ.