ಫೋನಲ್ಲೇ ಆ್ಯಪ್ ಇರುವಾಗ ಕಪ್ಪು ಪರದೆ ಯಾಕೆ?

ಶಿಡ್ಲಘಟ್ಟದ ನಮ್ಮ ದೊಡ್ಡಮ್ಮ ರೇಷ್ಮೆ ಹುಳು ಸಾಕಣೆಯ ಬಗ್ಗೆ ವಾಟ್ಸ್ಆ್ಯಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಆ ಮಾತಿಗೆ ತುಟಿ ಕುಣಿಸುವ ಅಜ್ಜಿ ಗೊಂಬೆಯೊಂದನ್ನು ಕೂರಿಸಿ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಕಮಾಂಡ್ (ಟೈಪ್ ಮಾಡಿ ಕೊಡುವ ಆದೇಶ) ಬರೆದು ನಾನು ವಿಡಿಯೊ ಮಾಡುತ್ತೇನೆ. ನೋಡಿದವರೆಲ್ಲ ಕೇಳುವುದು ಒಂದೇ: "ಫೋನಲ್ಲೇ ಆ್ಯಪ್ ಇದೆಯಲ್ಲಣ್ಣ, ಆ ಕಪ್ಪು ಪರದೆ ಮುಂದೆ ಯಾಕೆ ಕೂರ್ತೀಯ?"

ಮಾತು ಒಂದೆರಡಲ್ಲ, ಅದಕ್ಕೆ. ನಾಲ್ಕು ಜ್ವರಕ್ಕೂ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಬೇರೆಬೇರೆ ಮಾತು, ಸೊಪ್ಪು ಕೊಯ್ಯುವುದಕ್ಕೆ, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಹುಳು ಬಿಡುವುದಕ್ಕೆ, ಗೂಡು ಬಿಡಿಸುವುದಕ್ಕೆ ಇನ್ನೊಂದಷ್ಟು. ಆ್ಯಪಿನಲ್ಲಾದರೆ ಪ್ರತಿ ಸಲವೂ ಅದೇ ಗುಂಡಿಗಳನ್ನು ಒತ್ತುತ್ತಾ ಕೂರಬೇಕು. ಇಲ್ಲಿ ಸ್ಕ್ರಿಪ್ಟ್, ಅಂದರೆ ಕಮಾಂಡುಗಳ ಸಾಲು, ಒಮ್ಮೆ ಬರೆದಿಟ್ಟರೆ ಫೋಲ್ಡರಿನಲ್ಲಿರುವಷ್ಟೂ ತಾನಾಗಿ ವಿಡಿಯೊ ಆಗುತ್ತದೆ. ನೆಟ್ ಬೇಡ, ದೊಡ್ಡಮ್ಮನ ದನಿ ಯಾರದೋ ಸರ್ವರಿಗೆ ಹೋಗುವುದೂ ಇಲ್ಲ. ನನಗೆ ಇದೇ ದೊಡ್ಡದು.

ವಾಟ್ಸ್ಆ್ಯಪಿನ ದನಿ ಓಪಸ್ ರೂಪದಲ್ಲಿರುತ್ತದೆ. ದನಿ, ವಿಡಿಯೊಗಳ ರೂಪ ಬದಲಿಸುವ ಎಫ್ಎಫ್ಎಂಪೆಗ್ ಎಂಬ ತಂತ್ರಾಂಶ ಅದನ್ನು ವೇವ್ ಫೈಲ್ ಮಾಡಿಕೊಡುತ್ತದೆ. ಆಮೇಲೆ ರೂಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶ ದನಿ ಕೇಳಿ, ಯಾವ ಕ್ಷಣಕ್ಕೆ ಬಾಯಿ ಯಾವ ಆಕಾರದಲ್ಲಿರಬೇಕು ಎಂಬ ಪಟ್ಟಿ ಕೊಡುತ್ತದೆ. ಆಕಾರಗಳಿಗೆ ಎ, ಬಿ, ಸಿ ಎಂದೇ ಹೆಸರು: ಎ ಅಂದರೆ ಮುಚ್ಚಿದ ತುಟಿ, ಡಿ ಅಂದರೆ ಅಗಲವಾಗಿ ತೆರೆದ ಬಾಯಿ, ಎಫ್ ಅಂದರೆ ಮುಂದೆ ಚಾಚಿದ ತುಟಿ. ಪಟ್ಟಿಯ ಪ್ರಕಾರ ಚಿತ್ರಗಳನ್ನು ಜೋಡಿಸಿ ದನಿ ಸೇರಿಸುವುದು ಮತ್ತೆ ಎಫ್ಎಫ್ಎಂಪೆಗ್ ಕೆಲಸ. ಒಂದು ಸೂಕ್ಷ್ಮವಿದೆ, ಅದಕ್ಕೆ ಕೊಡುವ ಚಿತ್ರಪಟ್ಟಿಯಲ್ಲಿ ಕೊನೆಯ ಚಿತ್ರವನ್ನು ಎರಡು ಸಲ ಬರೆಯಬೇಕು. ಇಲ್ಲದಿದ್ದರೆ ಅದಕ್ಕೆ ಕೊಟ್ಟ ಅವಧಿ ಲೆಕ್ಕಕ್ಕೇ ಬರುವುದಿಲ್ಲ.

ಕನ್ನಡಕ್ಕೆ ಹೊಂದುತ್ತಾ ಅನ್ನುವ ಅನುಮಾನವೂ ಹಲವರಿಗಿದೆ. ರೂಬಾರ್ಬ್ ಸುಮ್ಮನೆ ಬಿಟ್ಟರೆ ಇಂಗ್ಲಿಷ್ ಪದಗಳನ್ನೇ ಹುಡುಕುತ್ತದೆ. ಕಮಾಂಡಿನಲ್ಲಿ ಫೋನೆಟಿಕ್ ಎಂದು ಸೇರಿಸಿದರೆ ಭಾಷೆ ಬಿಟ್ಟು ಬರೀ ಸದ್ದನ್ನು ಹಿಡಿಯುತ್ತದೆ. "ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ಬೇಡ್ರಪ್ಪ, ಸುಣ್ಣದ ಪುಡಿ ಉದುರಿಸಿ" ಅನ್ನುತ್ತಾರೆ ದೊಡ್ಡಮ್ಮ. 'ಸೊ' ಎಂದಾಗ ತುಟಿ ದುಂಡಗಾಗಬೇಕು, 'ಪ್ಪ'ಕ್ಕೆ ಕೂಡಿಕೊಂಡು ಒಂದು ಗಳಿಗೆ ನಿಲ್ಲಬೇಕು, 'ಉ'ಕಾರಕ್ಕೆ ಮುಂದೆ ಬರಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲಿಲ್ಲವೋ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಅಂಥ ಕಡೆ ಪಟ್ಟಿ ತೆರೆದು ಒಂದಕ್ಷರ ತಿದ್ದುತ್ತೇನೆ. ಪಟ್ಟಿ ಬರೀ ಅಕ್ಷರ ಮತ್ತು ಸಮಯ, ಯಾರು ಬೇಕಾದರೂ ತಿದ್ದಬಹುದು.

ದೊಡ್ಡಮ್ಮನ ಫೋಟೊವನ್ನೇ ಮಾತಾಡಿಸಬಹುದಲ್ಲ ಅನ್ನುವವರೂ ಇದ್ದಾರೆ. ಆಗುತ್ತದೆ. ಹೈದರಾಬಾದಿನ ಐಐಐಟಿ ಎಂಬ ತಂತ್ರಜ್ಞಾನ ಸಂಸ್ಥೆಯವರು 2020ರಲ್ಲಿ ಹೊರತಂದ ತಂತ್ರಾಂಶ ವೇವ್‌ಟುಲಿಪ್ ಕೂಡ ಕಮಾಂಡಿನಿಂದಲೇ ನಡೆಯುತ್ತದೆ, ಮುಖದ ವಿಡಿಯೊ ಅಥವಾ ಫೋಟೊ ಮತ್ತು ದನಿ ಕೊಟ್ಟರೆ ಸಾಕು. ಆದರೆ ಅದು ಮುಖವನ್ನು 96 ಪಿಕ್ಸೆಲ್ ಚೌಕಕ್ಕೆ ಇಳಿಸಿಕೊಂಡು ಬಾಯಿ ಬರೆಯುವುದರಿಂದ ದೊಡ್ಡ ಚಿತ್ರದಲ್ಲಿ ತುಟಿಯ ಸುತ್ತ ಮಸುಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕ್ಯಾಮೆರಾ ಮುಂದೆ ಬರಲು ಒಪ್ಪದವರ ಮುಖವನ್ನು ನಾನು ಕುಣಿಸುವುದು ಸರಿಯಲ್ಲ. ಗೊಂಬೆ ಗೊಂಬೆಯೆಂದೇ ಕಾಣಲಿ. ಮಾತು ಮಾತ್ರ ಅವರದೇ ಇರಲಿ.

ನೀವೂ ಮಾಡುವುದಾದರೆ ಮೊದಲು ಎ ಇಂದ ಎಫ್ ವರೆಗಿನ ಬಾಯಿಯ ಆರು ಚಿತ್ರ ಬಿಡಿಸಿಕೊಳ್ಳಿ, ಅಷ್ಟೇ ಕಡ್ಡಾಯ. ದನಿಯನ್ನು ಫ್ಯಾನ್ ಸದ್ದಿಲ್ಲದ ಕಡೆ ರೆಕಾರ್ಡ್ ಮಾಡಿಸಿ.