ಗುಂಡು ನಾವೇ ರೀಲೋಡ್ ಮಾಡ್ಕೊಂಡ್ರೆ ದುಡ್ಡು ಉಳಿಯುತ್ತಾ?

ರೇಂಜಲ್ಲಿ ನಾನು ಬಗ್ಗಿ ಖಾಲಿ ಹಿತ್ತಾಳೆ ಕೇಸ್ ಹೆಕ್ಕೋದು ನೋಡಿದವ್ರೆಲ್ಲ ಕೇಳೋದು ಇದನ್ನೇ. ನಾನು ತಿರುಗಿ ಕೇಳೋದೂ ಒಂದೇ, ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಹೊಡೀತೀರ, ವರ್ಷಕ್ಕೆ ಎಷ್ಟು ಹೊಡೀತೀರ? ಇದು ಗೊತ್ತಿಲ್ದೆ ಪ್ರೆಸ್ (ಖಾಲಿ ಕೇಸಿಂದ ಮತ್ತೆ ಗುಂಡು ಮಾಡೋ ಯಂತ್ರ) ತಗೋಬೇಡಿ.

ಒಂದು ಗುಂಡಲ್ಲಿ ಇರೋದು ನಾಲ್ಕೇ ಸಾಮಾನು: ಕೇಸ್, ಪ್ರೈಮರ್ (ತಳದಲ್ಲಿ ಕೂತು ಕಿಡಿ ಹೊತ್ತಿಸೋದು), ಪೌಡರ್ (ಮದ್ದು), ಬುಲೆಟ್ (ಗುರಿಗೆ ಹಾರಿಹೋಗೋ ತುದಿ). ಹೊಡೆದ್ಮೇಲೆ ಕೈಗೆ ವಾಪಸ್ ಸಿಗೋದು ಕೇಸ್ ಒಂದೇ, ಉಳಿತಾಯದ ದೊಡ್ಡ ಪಾಲು ಅಲ್ಲೇ ಇರೋದು. ಅದಕ್ಕೇ ಮತ್ತೆ ತುಂಬೋಕೆ ಕಷ್ಟ ಆಗೋ ಸ್ಟೀಲ್ ಕೇಸ್ ಹೊಡೆಯೋರಿಗೆ, ಬರ್ಡಾನ್ ಪ್ರೈಮರ್ (ಹಳೇದು ಸುಲಭಕ್ಕೆ ಹೊರಬರದ ಬಗೆ) ಕೇಸ್ ಹೊಡೆಯೋರಿಗೆ ಈ ಲೆಕ್ಕ ಕೂಡಿಬರಲ್ಲ.

ಪೌಡರ್ ಲೆಕ್ಕ ನೋಡಿ. ಒಂದು ಪೌಂಡಿಗೆ 7000 ಗ್ರೇನ್ (ಪೌಡರ್ ತೂಗೋ ಅಳತೆ). 9 ಎಂಎಂ ಗುಂಡಿಗೆ ಸುಮಾರು 5 ಗ್ರೇನ್ ಅಂದ್ಕೊಂಡ್ರೆ 1400 ಗುಂಡಾಗುತ್ತೆ, ಅದೇ .308 ರೈಫಲ್ಲಿಗೆ 43 ಅಂದ್ಕೊಂಡ್ರೆ 160 ದಾಟೋ ಹೊತ್ತಿಗೆ ಡಬ್ಬಿ ಖಾಲಿ (ಇದು ಬರೀ ಖರ್ಚಿನ ಲೆಕ್ಕಕ್ಕೆ, ಅಸಲಿ ಅಳತೆ ರೀಲೋಡಿಂಗ್ ಮ್ಯಾನುಯಲ್ ಪುಸ್ತಕ ನೋಡಿನೇ ಹಾಕ್ಬೇಕು). ಹಾಗಾದ್ರೆ 9 ಎಂಎಂ ಲಾಭ ಅನ್ಸುತ್ತಲ್ವಾ, ಆದ್ರೆ ಉಲ್ಟಾ, ಯಾಕಂದ್ರೆ 9 ಎಂಎಂ ಫ್ಯಾಕ್ಟರಿಗಳಲ್ಲಿ ರಾಶಿರಾಶಿ ತಯಾರಾಗಿ ಅಗ್ಗಕ್ಕೆ ಬರುತ್ತೆ, ನೀವು ಉಳಿಸೋಕೆ ಅಲ್ಲಿ ಜಾಗಾನೇ ಕಮ್ಮಿ. ಮ್ಯಾಚ್ ಗ್ರೇಡ್ (ಸ್ಪರ್ಧೆಗೆ ಅಂತ ಮಾಡಿದ) .308, .338 ಲಪುವಾ, ಹಳೇ ರಿವಾಲ್ವರಿನ .45 ಕೋಲ್ಟ್, ಇಂಥದ್ರಲ್ಲಿ ಅಂಗಡಿ ಗುಂಡಿಗೂ ಮನೆ ಗುಂಡಿಗೂ ಅಂತರ ಜಾಸ್ತಿ, ಪ್ರೆಸ್ಸಿಗೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತೆ.

ಪ್ರೆಸ್, ಡೈ (ಕೇಸನ್ನ ಅಳತೆಗೆ ತರೋ ಅಚ್ಚು), ತಕ್ಕಡಿ, ಕ್ಯಾಲಿಪರ್, ಟಂಬ್ಲರ್ (ಕೇಸ್ ಉಜ್ಜಿ ಹೊಳಪಿಸೋ ಯಂತ್ರ), ಮ್ಯಾನುಯಲ್ ಎಲ್ಲದರ ಖರ್ಚು ಕೂಡಿಸಿ, ಒಂದು ಗುಂಡಿಗೆ ಎಷ್ಟು ಉಳಿಯುತ್ತೋ ಅದ್ರಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಗುಂಡು ಹೊಡೆಯೋವರೆಗೂ ಒಂದು ಕಾಸೂ ಉಳಿದಿಲ್ಲ ಅಂತಾನೇ ಅರ್ಥ. ನನ್ನ ವಿಷಯದಲ್ಲಿ ಇನ್ನೊಂದಾಯ್ತು, ಗುಂಡು ಅಗ್ಗ ಆಗಿದ್ದೇ ತಡ ನಾನು ಜಾಸ್ತಿ ಹೊಡೆಯೋಕೆ ಶುರುಮಾಡ್ದೆ, ತಿಂಗಳ ಖರ್ಚು ಇದ್ದಲ್ಲೇ ಇತ್ತು, ಅಭ್ಯಾಸ ಮಾತ್ರ ಡಬಲ್ ಆಯ್ತು. ನಂಗೆ ಅದೇ ಬೇಕಿತ್ತು.

ಟೈಮನ್ನ ಯಾರೂ ಲೆಕ್ಕ ಹಿಡಿಯಲ್ಲ. ಒಂದ್ಸಲಕ್ಕೆ ಒಂದೇ ಕೆಲಸ ಮಾಡೋ ಸಿಂಗಲ್ ಸ್ಟೇಜ್ ಪ್ರೆಸ್ಸಲ್ಲಿ ಒಂದೊಂದು ಕೇಸನ್ನೂ ಎಷ್ಟೋ ಸಲ ಕೈಗೆತ್ಕೋಬೇಕು, ಲ್ಯೂಬ್ (ಎಣ್ಣೆ ಸವರೋದು), ಸೈಜಿಂಗ್ (ಅಳತೆಗೆ ತರೋದು), ಟ್ರಿಮ್ಮಿಂಗ್ (ಉದ್ದ ಕತ್ತರಿಸೋದು), ಪ್ರೈಮಿಂಗ್ (ಹೊಸ ಪ್ರೈಮರ್ ಕೂರಿಸೋದು), ಆಮೇಲೆ ಪೌಡರ್, ಆಮೇಲೆ ಬುಲೆಟ್. ನಂಗೆ 100 ರೈಫಲ್ ಗುಂಡಿಗೆ ಒಂದು ಸಂಜೆ ಪೂರ್ತಿ ಬೇಕು. ಎಲ್ಲಾ ಹಂತ ಒಟ್ಟಿಗೆ ನಡೆಸೋ ಪ್ರೋಗ್ರೆಸಿವ್ ಪ್ರೆಸ್ ತಗೊಂಡ್ರೆ ಎಷ್ಟೋ ಬೇಗ ಆಗುತ್ತೆ, ಆದ್ರೆ ಅದರ ಖರ್ಚೇ ಬೇರೆ.

ಅವಸರ ಇರೋರು ಇದಕ್ಕೆ ಕೈ ಹಾಕ್ಲೇಬೇಡಿ. ಒಂದ್ಸಲ ಪಿಸ್ತೂಲ್ ಕೇಸಿಗೆ ಪೌಡರ್ ಹಾಕ್ತಾ ಇದ್ದಾಗ ಫೋನ್ ಬಂತು, ಎದ್ದುಹೋದೆ, ವಾಪಸ್ ಬಂದು ಮುಂದುವರಿಸಿದೆ. ಬುಲೆಟ್ ಕೂರಿಸೋ ಮೊದ್ಲು 50 ಕೇಸಿರೋ ಬ್ಲಾಕ್ ಮೇಲೆ ಟಾರ್ಚ್ ಹಿಡಿದ್ರೆ ಎಲ್ಲದ್ರಲ್ಲೂ ಪೌಡರ್ ತಳದಲ್ಲಿದೆ, ಒಂದ್ರಲ್ಲಿ ಮಾತ್ರ ಮೇಲೆ ಬಂದಿದೆ. ಡಬಲ್ ಚಾರ್ಜ್, ಅಂದ್ರೆ ಪೌಡರ್ ಎರಡ್ಸಲ ಬಿದ್ದಿದೆ. ಅದು ಬಂದೂಕನ್ನೇ ಸಿಡಿಸಬಹುದಿತ್ತು. ಐವತ್ತನ್ನೂ ಸುರಿದು ಮೊದಲಿಂದ ತೂಗಿದೆ, ಅವತ್ತಿಂದ ಫೋನ್ ಬೇರೆ ರೂಮಲ್ಲೇ ಇರುತ್ತೆ. ಕಮ್ಮಿ ಪೌಡರ್ ಬಿದ್ರೂ ಅಪಾಯನೇ, ಬುಲೆಟ್ ಬ್ಯಾರಲ್ ಒಳಗೇ ಸಿಕ್ಕಾಕೊಳ್ಳುತ್ತೆ, ಗೊತ್ತಾಗ್ದೆ ಹಿಂದೆ ಇನ್ನೊಂದು ಹೊಡೆದ್ರೆ ಮುಗೀತು.

ಅದಿದ್ರೂ ನಾನು ಬಿಡಲ್ಲ. ನನ್ನ ರೈಫಲ್ಲಿಗೆ ಹೊಂದೋ ಬುಲೆಟ್, ಅದಕ್ಕೆ ಸರಿಯಾದ ಸೀಟಿಂಗ್ ಅಳತೆ (ಬುಲೆಟನ್ನ ಕೇಸೊಳಗೆ ಎಷ್ಟು ಆಳ ಕೂರಿಸೋದು) ಹುಡುಕಿದ್ಮೇಲೆ ಗ್ರೂಪ್ (ಗುರಿಹಲಗೆ ಮೇಲಿನ ತೂತುಗಳ ಹರವು) ಚಿಕ್ಕದಾಗಿದ್ದು ಯಾವ ಡಬ್ಬಿ ಗುಂಡಲ್ಲೂ ಸಿಕ್ಕಿರಲಿಲ್ಲ.

ಈಗ ಒಂದು ಲಾಟ್ .308 ಕೇಸು ಆರನೇ ಸಲ ಬಳಸಿ ಮುಗಿದಿದೆ. ತಂತಿ ತುದಿ ಬಗ್ಗಿಸಿ ಒಳಗೋಡೆ ಮೇಲೆ ಎಳೆದು ನೋಡ್ತಿದೀನಿ, ತಳದ ಹತ್ರ ತಂತಿ ತಡೆದ್ರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ ಅಂತ. ಇದುವರೆಗೆ ಮೂರು ಸಿಕ್ಕಿದೆ, ಮೂರೂ ಗುಜರಿ ಡಬ್ಬಕ್ಕೆ.