ಮಗಳ ಜೊತೆ ಪಿಲಿಕುಳದ ವಾಟರ್ ಪಾರ್ಕಿಗೆ

ಉಡುಪಿಯಿಂದ ಮಂಗಳೂರು ಬಳಿಯ ಪಿಲಿಕುಳಕ್ಕೆ ಬೆಳಿಗ್ಗೆ ಹೊರಟೆವು. ಕಾಪು, ಪಡುಬಿದ್ರಿ ದಾಟುವವರೆಗೂ ಮಗಳಿಗೆ ನಿದ್ದೆ. ಮೂಲ್ಕಿಯಲ್ಲಿ ಶಾಂಭವಿ ಹೊಳೆ ಕಂಡದ್ದೇ, "ಅಮ್ಮಾ, ಇದೇನಾ ವಾಟರ್ ಪಾರ್ಕ್?" ಅಂದಳು. ಮುಂದಿನ ದಾರಿಯಿಡೀ ಬನ್ಸ್, ಪ್ರಶ್ನೆ, ಮತ್ತೆ ಬನ್ಸ್.

ಪಿಲಿಕುಳದ ಮಾನಸ ವಾಟರ್ ಪಾರ್ಕಿನ ದೊಡ್ಡ ಜಾರುಬಂಡಿಗಳತ್ತ ನಾವು ಹೋಗಲೇ ಇಲ್ಲ. ಸಣ್ಣ ಮಕ್ಕಳಿಗೆ ಮೊಣಕಾಲುದ್ದದ ನೀರೇ ಸಾಕು, ಅಲ್ವಾ? ಮೊದಲು ಹೆಬ್ಬೆರಳು ಮಾತ್ರ ಅದ್ದಿದಳು. ಆಮೇಲೆ ನನ್ನ ಕಿರುಬೆರಳು ಹಿಡಿದು ಎರಡು ಹೆಜ್ಜೆ. ಯಾರೋ ನೀರು ಎರಚಿದರು, ತುಟಿ ನಡುಗಿತು. ನಾನು ಸುಮ್ನೆ ಕೆಳಗೆ ಕುಳಿತೆ. ಅವಳೂ ಕುಳಿತಳು. ಮತ್ತೆ ಮೇಲೆ ಎಬ್ಬಿಸುವುದೇ ಕಷ್ಟವಾಯಿತು!

ಪಿಲಿಕುಳದಲ್ಲೇ ಮೃಗಾಲಯ, ತಾರಾಲಯ ಎಲ್ಲ ಇವೆ. ಒಂದೇ ದಿನಕ್ಕೆ ಎಲ್ಲವೂ ಅಂದರೆ ಮಗುವಿಗೆ ಜಾಸ್ತಿ. ಹುಲಿ ನೋಡಲು ಅವಳ ಅಜ್ಜಿಯನ್ನೂ ಕರೆದುಕೊಂಡು ಇನ್ನೊಮ್ಮೆ ಹೋಗುತ್ತೇವೆ.